ತಂಬಿಗೆಯ ನೀರು ಚೆಲ್ಲುವ ತನಕ

ಹೋದ ವಾರ ಶಹಾಪುರದ ಹಳೇ ಹತ್ತಿ ಮಿಲ್ಲಿನಿಂದ ಫೋನು ಬಂತು. ಮೋಟಾರು ಸುಟ್ಟಿದೆ, ಬಂದು ಬಿಚ್ಚಿಕೊಂಡು ಹೋಗು ಎಂದರು. ಮೋಟಾರು ರಿವೈಂಡಿಂಗ್ ನನ್ನ ಹೊಟ್ಟೆಪಾಡು. ಕ್ಲಾರಿನೆಟ್ ಊದುವುದು ನನ್ನ ಚಟ. ಹೆಂಡತಿಯನ್ನು ಕೇಳಿದರೆ ಇವೆರಡನ್ನೂ ತಿರುವುಮುರುವು ಮಾಡಿ ಹೇಳುತ್ತಾಳೆ, ಇರಲಿ. ಚೀಲ ಹೆಗಲಿಗೇರಿಸಿ ಹೋದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊಸದಾಗಿ ಬಂದ ಕಾವಲುಗಾರ ಗೋದಾಮಿನ ತಗಡಿನ ಬಾಗಿಲನ್ನು ನೂಕಿದ. ಹಳೆಯ ಹತ್ತಿ, ಹತ್ತಿಕಾಳಿನ ಎಣ್ಣೆ, ಒದ್ದೆಯಾದ ಗೋಣಿಚೀಲ ಎಲ್ಲ ಸೇರಿದ ವಾಸನೆಯೊಂದು ಮುಖಕ್ಕೆ ಬಡಿಯಿತು.

ಆ ವಾಸನೆಗೆ ನನ್ನ ಕಾಲು ತಾನಾಗಿಯೇ ಹೆಜ್ಜೆ ಹಾಕತೊಡಗಿತು. ಗೋದಾಮಿನ ಎಡಗೋಡೆಗುಂಟ ಹೋಗಿ, ಮೂಲೆಯ ಕಂಬ ಸುತ್ತಿ, ಬಲಗೋಡೆಗೆ ಬಂದುಬಿಟ್ಟೆ. ಕಾವಲುಗಾರ ಮೋಟಾರು ಈ ಕಡೆ ಇದೆ ಎಂದು ಎರಡು ಸಲ ಹೇಳಬೇಕಾಯಿತು. ಅವನಿಗೇನು ಗೊತ್ತು? ಒಂದು ಇಡೀ ಮಳೆಗಾಲ ನಾವು ನಾಲ್ಕು ಜನ ಮದುವೆ ಬ್ಯಾಂಡಿನವರು ಈ ಗೋದಾಮಿನೊಳಗೆ ಗಾಣದ ಎತ್ತಿನಂತೆ ಸುತ್ತು ಹಾಕಿದ್ದೇವೆ. ನಡುವೆ ನಿಂತು, ಅರವತ್ತು ದಾಟಿದ ಮನುಷ್ಯನೊಬ್ಬ ಗಂಟಲು ಹರಿಯುವ ಹಾಗೆ ಹಾಡಿದ್ದಾನೆ. ಈಗ ನೆನೆದರೆ ನಗು ಬರುತ್ತದೆ. ಜೊತೆಗೆ, ಸುಳ್ಳೇಕೆ ಹೇಳಲಿ, ಅಷ್ಟು ಖುಷಿಯಾಗಿ ನಾನು ಮತ್ತೆ ಯಾವ ಮಳೆಗಾಲವನ್ನೂ ಕಳೆದಿಲ್ಲ.

ನಮ್ಮ ಬ್ಯಾಂಡಿನ ಯಜಮಾನ ಖಾಸಿಂಸಾಬ ಮಾಸ್ತರ. ಕೊರಳಿಗೆ ದೊಡ್ಡ ಡೋಲು, ತಲೆಗೆ ಕೆಂಪು ಟೊಪ್ಪಿಗೆ, ಮಾತು ಕಡಿಮೆ. ಸಣ್ಣ ನಗಾರಿಯಂಥ ತಾಸೆ ಬಾರಿಸುವವನು ಮಾನಪ್ಪ. ಅವನಿಗೆ ಮಾತೂ ಜೋರು, ಕೈಯೂ ಜೋರು. ಕ್ಯಾಸಿಯೊ ನುಡಿಸುವ ಚಂದ್ರು ಮೊಬೈಲ್ ರಿಪೇರಿ ಅಂಗಡಿಯವನು. ಮೆರವಣಿಗೆಯಲ್ಲಿ ಅವನ ಕ್ಯಾಸಿಯೊ ಬ್ಯಾಟರಿ ಸಮೇತ ತಳ್ಳುಗಾಡಿಯ ಮೇಲೆ ಬರುತ್ತದೆ. ಕ್ಲಾರಿನೆಟ್ ನಾನು, ಸಿದ್ದಪ್ಪ.

ಆ ವರ್ಷ ಹಂಗಾಮಿನ ಕೊನೆಯ ಮದುವೆ ಯಾದಗಿರಿಯಲ್ಲಿ ಇತ್ತು. ಮರುದಿನದಿಂದ ಆಷಾಢ. ಆಷಾಢ ಹಿಡಿದರೆ ತುಳಸಿ ಲಗ್ನ ಆಗುವವರೆಗೆ ನಮ್ಮನ್ನು ಕೇಳುವವರು ಕಡಿಮೆ. ಮದುವೆ ಮುಗಿಸಿ ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ಕುಳಿತಿದ್ದೆವು. ಮಾನಪ್ಪ ಸುಮ್ಮನೆ ಕೂರುವ ಆಸಾಮಿ ಅಲ್ಲ, ತಾಸೆಯ ಮೇಲೆ ಬೆರಳು ಆಡಿಸುತ್ತಿದ್ದ. ಮುಂಬೈ ರೈಲು ಬಂದು ಹೋಗಿ ಸ್ವಲ್ಪ ಹೊತ್ತಾಗಿತ್ತು. ಒಬ್ಬ ಮನುಷ್ಯ ಬಂದು ನಮ್ಮೆದುರು ನಿಂತ. ಬಿಳಿಗೂದಲನ್ನು ಹಿಂದೆ ಗಂಟು ಹಾಕಿದ್ದ. ಬೆನ್ನಿಗೆ ಗಿಟಾರು. ಆ ಸೆಕೆಯಲ್ಲೂ ಮೈಮೇಲೆ ಕರಿ ಚರ್ಮದ ಜಾಕೆಟ್ಟು, ಅದರ ತುಂಬ ಸಾಲುಸಾಲಾಗಿ ಪಿನ್ನುಗಳು. ಖಾಸಿಂಸಾಬ ಇವನು ಯಾವುದೋ ದರ್ಗಾಕ್ಕೆ ಹೊರಟ ಫಕೀರ ಇರಬೇಕೆಂದು ಎದ್ದು ನಿಂತು ಸಲಾಂ ಮಾಡಿದ.

ಫಕೀರ ನಮ್ಮ ಕನ್ನಡದಲ್ಲೇ ಮಾತಾಡಿದ. ಊರು ಸುರಪುರ, ಹೆಸರು ವೀರೇಶ. ಹತ್ತೊಂಬತ್ತಕ್ಕೆ ಮುಂಬೈಗೆ ಹೋದವನು ಪ್ರೆಸ್ಸಿನಲ್ಲಿ ಕೆಲಸ ಮಾಡಿ, ಅಲ್ಲಿಯ ಹುಡುಗರ ಕೂಡ ಪಂಕ್ ಹಾಡುಗಳ ಬ್ಯಾಂಡು ಕಟ್ಟಿ, ಆಯುಷ್ಯವೆಲ್ಲ ಅದರಲ್ಲೇ ಕಳೆದಿದ್ದ. ಬ್ಯಾಂಡಿನ ಡ್ರಮ್ಮಿನವನು ತೀರಿಕೊಂಡಿದ್ದ. ಇನ್ನೊಬ್ಬನು ತನ್ನ ಮಗಳ ಊರಿಗೆ ಹೋಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದ. ಇವನು ಒಬ್ಬನೇ ಉಳಿದು, ಇನ್ನು ಅಕ್ಕನ ಮನೆಯಲ್ಲಿ ಇರುತ್ತೇನೆಂದು ಊರಿಗೆ ಬಂದಿದ್ದ. ಇಷ್ಟನ್ನೂ ಚಹಾ ಆರುವುದರೊಳಗೆ ಹೇಳಿದ. ಆಮೇಲೆ ಮಾನಪ್ಪನ ಕೈಯನ್ನೇ ನೋಡುತ್ತ, ನಿಮಗೆ ಈಗ ಬಿಡುವು ಇದೆಯೇನು ಎಂದು ಕೇಳಿದ.

ಪಂಕ್ ಅಂದರೆ ಏನು ಅಂತ ನಾನು ಕೇಳಿದೆ. ಕೇಳಬೇಕಲ್ಲ.

"ಸಿಟ್ಟು ಬಂದಾಗ ರಾಗ ಹುಡುಕ್ಕೋಂತ ಕೂಡಬಾರದು. ಅಷ್ಟ ಅದ ನೋಡ್ರಿ" ಎಂದ ವೀರೇಶಣ್ಣ.

ಖಾಸಿಂಸಾಬ ಮಾನಪ್ಪನ ಕಡೆ ಗದ್ದ ತಿರುಗಿಸಿ, "ಹಂಗಾದ್ರ ಇಂವ ಹುಟ್ಟಿದಾಗಿಂದ ಅದನ್ನ ಮಾಡಾಕತ್ತಾನ" ಎಂದ.

ಹೀಗೆ ನಾವು ಅವನ ಬ್ಯಾಂಡಾದೆವು. ಮಿಲ್ಲಿನ ಮ್ಯಾನೇಜರನಿಗೆ ನಾನು ಬೇಕಾದವನು. ಹೊಸ ಹತ್ತಿ ಬರುವ ತನಕ ಗೋದಾಮು ಖಾಲಿ, ಬಾರಿಸಿಕೊಳ್ಳಿ, ಬೀಡಿ ಮಾತ್ರ ಸೇದಬೇಡಿ ಎಂದು ಕೀಲಿಕೈ ಕೊಟ್ಟ. ವೀರೇಶಣ್ಣ ಸುರಪುರದಿಂದ ಬಸ್ಸಿಗೆ ಬರುತ್ತಿದ್ದ. ಸಂಜೆ ನಾಲ್ಕಕ್ಕೆ ಸುರುವಾದರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ಹೊರಗೆ ಮಳೆ, ಮೇಲೆ ತಗಡು, ಒಳಗೆ ನಾವು. ಯಾರ ಸದ್ದು ಹೆಚ್ಚೆಂದು ಹೇಳುವುದು ಕಷ್ಟವಾಗಿತ್ತು.

ಮೊದಲ ವಾರ ದೊಡ್ಡ ಫಜೀತಿ. ಅವನು ನಮ್ಮನ್ನು ತನ್ನ ಹಿಂದೆ ಸಾಲಾಗಿ ನಿಲ್ಲಿಸಿದ. ಒಂದು, ಎರಡು, ಮೂರು ಎಂದು ಕೂಗಿ ಹಾಡಿಗೆ ಬಿದ್ದ. ಬಂದೂಕಿನಿಂದ ಗುಂಡು ಬಿಟ್ಟ ಹಾಗೆ ಓಡುವ ಹಾಡು. ನಾವು ನಾಲ್ಕು ಸಾಲು ಅವನ ಸಂಗಡ ಓಡಿದೆವು, ಆಮೇಲೆ ಸೊರಗಿದೆವು. ಮತ್ತೆ ಮಾಡಿದರೆ ಮತ್ತೆ ಹಾಗೇ. ಮಾನಪ್ಪನಂಥ ಮಾನಪ್ಪನ ಕೈಯೇ ಜೋತು ಬಿತ್ತು. ವೀರೇಶಣ್ಣನಿಗೆ ತಾಳ್ಮೆ ಎನ್ನುವುದು ಮೊದಲೇ ದೂರದ ನೆಂಟ. ನಿಮಗೆ ಜ್ವರ ಬಂದಿದೆಯೋ ಇಲ್ಲ ನನ್ನ ಹಾಡಿಗೇ ಬಂದಿದೆಯೋ ಎಂದು ಹಾರಾಡಿದ. ನಾನು ನೆಲ ಒದ್ದೆಯಾಗಿದೆ, ತಾಸೆಯ ಚರ್ಮ ಸಡಿಲಾಗಿದೆ ಎಂದೆಲ್ಲ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಕೊನೆಗೆ ಖಾಸಿಂಸಾಬ ಡೋಲು ಇಳಿಸಿ ಬಾಯಿ ಬಿಟ್ಟ. "ತಪ್ಪು ತಿಳೀಬ್ಯಾಡ್ರಿ. ನಮಗ ನಿಂತು ಬಾರಸಾಕ ಬರಂಗಿಲ್ರಿ. ನಡಕೋಂತ ಬಾರಸೋ ಮಂದಿ ನಾವು."

ನಿಜವಾಗಿ, ಆವರೆಗೆ ಅದು ನಮಗೇ ಹೊಳೆದಿರಲಿಲ್ಲ. ಮದುಮಗನ ಮುಂದೆ ನಡೆಯುತ್ತ, ಓಣಿ ದಾಟುತ್ತ, ಗಟಾರ ಹಾರುತ್ತ ಕಲಿತ ವಿದ್ಯೆ ನಮ್ಮದು. ಕಾಲು ನಿಂತರೆ ಕೈಯೂ ನಿಲ್ಲುತ್ತದೆ. ವೀರೇಶಣ್ಣ ಗಿಟಾರಿನ ಪಟ್ಟಿ ಬಿಗಿಮಾಡಿಕೊಂಡ. ಆಮೇಲೆ, ಹಾಗಾದರೆ ನಡೆಯಿರಿ, ಯಾರು ಬೇಡ ಅಂದರು ಎಂದ. ಅವತ್ತು ಸುರುವಾಯಿತು ನೋಡಿ ಗೋದಾಮಿನ ಪ್ರದಕ್ಷಿಣೆ. ಮುಂದೆ ಖಾಸಿಂಸಾಬ, ಹಿಂದೆ ಮಾನಪ್ಪ, ಅವನ ಹಿಂದೆ ನಾನು, ತಳ್ಳುಗಾಡಿ ತಳ್ಳುತ್ತ ಚಂದ್ರು. ನಡುವೆ ವೀರೇಶಣ್ಣ. ಹಾಡಿಗೆ ಎಂಥ ಜೀವ ಬಂತೆಂದರೆ, ಕಾವಲುಗಾರ ಮಳೆಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತ.

ನಮ್ಮ ಬ್ಯಾಂಡಿನ ಇನ್ನೊಂದು ಕಾಯಿದೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೆರವಣಿಗೆ ಮನೆ ಮುಟ್ಟಿದ ಮೇಲೆ ಆ ಮನೆಯ ಹಿರಿಯ ಹೆಂಗಸು ಹೊರಗೆ ಬಂದು, ತಂಬಿಗೆಯ ನೀರನ್ನು ಬಂದವರಿಗೆ ನಿವಾಳಿಸಿ ಚೆಲ್ಲಬೇಕು. ಚೆಲ್ಲುವ ತನಕ ನಮ್ಮ ವಾದ್ಯ ನಿಲ್ಲಬಾರದು. ಇದು ಖಾಸಿಂಸಾಬನ ಅಪ್ಪ ಹಾಕಿಕೊಟ್ಟ ಕಟ್ಟಳೆ. ಒಂದು ಸಲ ಹುಣಸಗಿಯ ಮದುವೆಯಲ್ಲಿ ಮುದುಕಿಗೆ ತಂಬಿಗೆ ಸಿಗಲಿಲ್ಲ. ಒಳಗೆ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತ ಹುಡುಕುತ್ತಿದ್ದರು, ಹೊರಗೆ ನಾವು ಬಾರಿಸುತ್ತಲೇ ಇದ್ದೆವು. ಮದುಮಗ ಕುದುರೆಯ ಮೇಲೆಯೇ ತೂಕಡಿಸಿದ. ನನ್ನ ತುಟಿ ಊದಿ ಮರುದಿನ ರೊಟ್ಟಿ ಅಗಿಯಲು ಆಗಲಿಲ್ಲ. ಖಾಸಿಂಸಾಬ ಮಾತ್ರ ಕೈ ಬಿಡಲಿಲ್ಲ. ಈ ಕತೆ ಕೇಳಿ ವೀರೇಶಣ್ಣ ಬಹಳ ನಕ್ಕ. ಮುಂಬೈಯಲ್ಲಿ ಮಂದಿ ತಮ್ಮ ಮೇಲೆ ನೀರು ಎರಚಿದ್ದು ಹಾಡು ನಿಲ್ಲಿಸಿ ಅಂತಲೇ, ಆದರೆ ಇಷ್ಟು ಮರ್ಯಾದೆಯಿಂದ ಎರಚಿರಲಿಲ್ಲ ಎಂದ.

ಶ್ರಾವಣದಲ್ಲಿ ಒಂದು ದಿನ ನಮ್ಮನ್ನೆಲ್ಲ ಸುರಪುರಕ್ಕೆ ಊಟಕ್ಕೆ ಕರೆದ. ಅವನ ಅಕ್ಕ ಗೌರಕ್ಕ ಬಾಗಿಲಲ್ಲೇ ನಿಂತಿದ್ದರು. ಎತ್ತರದ ಹೆಂಗಸು, ಎಪ್ಪತ್ತರ ಹತ್ತಿರ, ದನಿ ಖಡಕ್ಕು. ಅವರ ಯಜಮಾನರು ನಾರಾಯಣಪುರದ ಡ್ಯಾಮಿನಲ್ಲಿ ಗೇಟು ಎತ್ತುವ ಇಳಿಸುವ ಕೆಲಸ ಮಾಡಿ ರಿಟೈರಾದವರು. ನೀರಿನ ಸದ್ದಿನಲ್ಲೇ ವರ್ಷಗಟ್ಟಲೆ ಇದ್ದದ್ದಕ್ಕೆ ಕಿವಿ ಮಂದವಾಗಿ, ಯಾರು ಏನಂದರೂ ಪ್ರೀತಿಯಿಂದ ತಲೆಯಾಡಿಸುತ್ತಿದ್ದರು. ಅವರನ್ನು ನಾವೂ ಮಾವ ಎಂದೇ ಕರೆಯತೊಡಗಿದೆವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯೆ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಕೆನೆ ಮೊಸರು ಬಡಿಸಿದರು. ಸಾಕು ಎಂದರೆ ಗೌರಕ್ಕ ಕೇಳುವವರಲ್ಲ. ತಮ್ಮನ ಜಾಕೆಟ್ಟು ಗೂಟಕ್ಕೆ ತೂಗುಬಿದ್ದಿತ್ತು. ಬಡಿಸುವಾಗ ಸೆರಗು ಜಾರಿದ್ದಕ್ಕೆ, ಆ ಜಾಕೆಟ್ಟಿನಿಂದ ಒಂದು ಪಿನ್ನು ಕಿತ್ತು ಸಿಕ್ಕಿಸಿಕೊಂಡರು. ದಿನವೂ ಹೀಗೇ ನಡೆಯುತ್ತದೆ ಎನ್ನುವುದು ಜಾಕೆಟ್ಟಿನ ಮೇಲಿನ ಬೋಳು ಜಾಗ ನೋಡಿದರೆ ತಿಳಿಯುತ್ತಿತ್ತು.

ಊಟವಾದ ಮೇಲೆ ಮಾನಪ್ಪ, ಒಂದು ಹಾಡು ಆಗಲಿ ಎಂದ. ವೀರೇಶಣ್ಣ ಗಿಟಾರು ಎತ್ತಿಕೊಂಡ. ಗೌರಕ್ಕ ಎದ್ದು ಒಳಗೆ ಹೋದರು. ಅಡುಗೆಮನೆಯಿಂದ ಮಿಕ್ಸಿಯ ಸದ್ದು ಬಂತು. ಹಾಡು ಮುಗಿಯುವ ತನಕ ಮಿಕ್ಸಿ ತಿರುಗಿತು. ಆ ಮನೆಯಲ್ಲಿ ಅರೆಯಲು ಅಷ್ಟು ಏನಿತ್ತೋ ದೇವರಿಗೇ ಗೊತ್ತು.

ಬಸ್‌ಸ್ಟ್ಯಾಂಡಿಗೆ ನಮ್ಮನ್ನು ಕಳಿಸಲು ಬರುವಾಗ ವೀರೇಶಣ್ಣ ಆ ಮಿಕ್ಸಿಯ ಕತೆ ಹೇಳಿದ. ತಾಯಿ ತೀರಿದ ಮೇಲೆ ಅವನನ್ನು ಬೆಳೆಸಿದವಳೇ ಅಕ್ಕ. ಸಣ್ಣವನಿದ್ದಾಗ ಭಜನೆಯಲ್ಲಿ ಅವನ ದನಿ ಕೇಳಿ ಊರೇ ಕೊಂಡಾಡುತ್ತಿತ್ತು. ಅಕ್ಕ ನೀರು ತರುವಾಗಲೂ ಹಾಡಿಸುತ್ತಿದ್ದಳಂತೆ. ಮುಂಬೈಗೆ ಹೋಗಿ ಬ್ಯಾಂಡು ಕಟ್ಟಿದ ಹೊಸತರಲ್ಲಿ, ಅದರ ಮೊದಲ ಕ್ಯಾಸೆಟ್ಟು ಹಿಡಿದುಕೊಂಡು ಊರಿಗೆ ಬಂದ. ಪಕ್ಕದ ಮನೆಯಿಂದ ಟೇಪ್‌ರೆಕಾರ್ಡರ್ ತಂದು ಅಕ್ಕನ ಮುಂದೆ ಹಚ್ಚಿದ. ಅಕ್ಕ ಪೂರ್ತಿ ಕೇಳಿದಳು. ಕೇಳಿ, ಅವನ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಒಂದೇ ಮಾತು ಕೇಳಿದಳು.

"ಯಾರರ ಹೊಡದ್ರೇನೋ ತಮ್ಮಾ ನಿನಗ? ಹಿಂಗ್ಯಾಕ ಒದರಾಕತ್ತಿ?"

ಇವನಿಗೆ ಅವಮಾನವಾಯಿತು. ಅದು ಹಾಡು, ನಿನಗೇನು ತಿಳಿಯುತ್ತದೆ ಎಂದ. ಅವಳು, ಹಾಡು ಅಂದರೆ ನೀನು ಮುಂಚೆ ಹಾಡುತ್ತಿದ್ದೆಯಲ್ಲ ಅದು, ಇದನ್ನು ನಾನು ಕೇಳಲಾರೆ ಎಂದಳು. ಅಂದಿನಿಂದ ಇವನು ಅವಳ ಮುಂದೆ ಹಾಡಲಿಲ್ಲ, ಅವಳು ಕೇಳುತ್ತೇನೆ ಎನ್ನಲಿಲ್ಲ. ಮಿಕ್ಕದ್ದೆಲ್ಲ ಸರಿಯಾಗೇ ನಡೆದಿತ್ತು. ಹಬ್ಬಕ್ಕೆ ಬರುತ್ತಿದ್ದ, ಹೋಗುತ್ತಿದ್ದ.

"ಆ ಕ್ಯಾಸೆಟ್ಟಿನಾಗಿನ ಮೊದಲನೇ ಹಾಡು ಆಕೀ ಮ್ಯಾಗೇ ಬರದದ್ದು. ಗದ್ದಲದಾಗ ಮಾತು ತಿಳೀಲಿಲ್ಲ ಆಕಿಗೆ. ಒಮ್ಮಿ ಕೇಳಿದ್ರ ಸಾಕಿತ್ತು ಸಿದ್ದಪ್ಪ. ನನಗ ಮತ್ತೇನೂ ಬ್ಯಾಡ" ಎಂದ. ಬಸ್ಸು ಬಂತು. ಅವನು ಕಿಟಕಿಯವರೆಗೆ ಬಂದು ನನ್ನ ಕೈಗೆ ಅಕ್ಕ ಕಟ್ಟಿಕೊಟ್ಟ ಹಿಂಡಿಯ ಪೊಟ್ಟಣ ಇಟ್ಟ.

ಮರುದಿನವೇ ಆ ಹಾಡಿಗೆ ಕೈಹಾಕಿದೆವು. ಅದರ ಲಯ ಮಾನಪ್ಪನಿಗೆ ಸಿಗಲಿಲ್ಲ. ಎಲ್ಲೋ ಒಂದು ಬಡಿತ ಹೆಚ್ಚು ಬೀಳುತ್ತಿತ್ತು. ವೀರೇಶಣ್ಣ ನೆಲಕ್ಕೆ ಕೂತು, ಒಂದು ಹಲಗೆ ತುಂಡು ಮುಂದಿಟ್ಟುಕೊಂಡು ಬರಿಗೈಯಿಂದ ಬಡಿದು ತೋರಿಸಿದ. ತಟ್ಟಿ, ತಟ್ಟಿ, ತಿರುವಿ, ಮತ್ತೆ ತಟ್ಟಿ. ಮಾನಪ್ಪ ಹೋ ಎಂದು ನಕ್ಕ. ಇದು ನಮ್ಮವ್ವ ರೊಟ್ಟಿ ಬಡಿಯುವುದಲ್ಲವೇ, ಇದಕ್ಕೆ ಮುಂಬೈಗೆ ಯಾಕೆ ಹೋಗಬೇಕಿತ್ತು ಎಂದ. ಆಮೇಲೆ ಎಂದೂ ಆ ಲಯ ತಪ್ಪಲಿಲ್ಲ. ಹಾಡಿನ ಮಾತು ಬಹಳ ಇರಲಿಲ್ಲ:

ಹಂಚು ಕಾಯ್ತಾದ, ಊರು ಮಲಗೇದ
ಕೈ ಬಡೀತಾದ, ಕೈ ಬಡೀತಾದ
ಯಾರ ಹೊಟ್ಟಿಗಿ? ಯಾರ ಹೊಟ್ಟಿಗಿ?
ನನ್ನ ಹೊಟ್ಟಿಗಿ! ನನ್ನ ಹೊಟ್ಟಿಗಿ!

ಹುಬ್ಬಿ ಮಳೆ ಹೋಗಿ ಉತ್ತರಿ ಮಳೆ ಬಂತು. ಕಾಲುವೆ ತುಂಬಿ ಹರಿಯಿತು, ಗದ್ದೆಗಳು ಹಸಿರಾದವು, ನನ್ನ ಅಂಗಡಿಯಲ್ಲಿ ಸುಟ್ಟ ಪಂಪುಗಳು ರಾಶಿ ಬಿದ್ದವು. ಹಗಲೆಲ್ಲ ತಾಮ್ರದ ತಂತಿ ಸುತ್ತುತ್ತ ಮನಸ್ಸಿನಲ್ಲಿ ಅವನ ಹಾಡುಗಳನ್ನೇ ಗುನುಗುತ್ತಿದ್ದೆ. ಗಿರಾಕಿಗಳು ಬೇಗ ಕೊಡು ಎಂದು ಬೈದರೂ ಸಿಟ್ಟು ಬರುತ್ತಿರಲಿಲ್ಲ. ಮದುವೆಯಲ್ಲಿ ನಮ್ಮನ್ನು ಯಾರು ಕೇಳುತ್ತಾರೆ ಹೇಳಿ? ಕುಣಿಯುವವರಿಗೆ ಕುಣಿಯುವ ಚಿಂತೆ, ಬೀಗರಿಗೆ ಉಪಚಾರದ ಚಿಂತೆ. ಇಲ್ಲಿ ಒಬ್ಬ ಮನುಷ್ಯ ನನ್ನ ಕ್ಲಾರಿನೆಟ್ಟಿಗೆ ಕಿವಿಗೊಟ್ಟು, ಈ ಜಾಗದಲ್ಲಿ ಇನ್ನಷ್ಟು ಚೀರಿಸು ಎಂದು ಬೇಡಿಕೊಳ್ಳುತ್ತಿದ್ದ. ಇಡೀ ಜನ್ಮದಲ್ಲಿ ಗುರುಗಳಿಂದ ಚೀರಿಸಬೇಡ ಎಂದು ಬೈಸಿಕೊಂಡವನಿಗೆ ಇದು ಸ್ವರ್ಗವಲ್ಲದೆ ಮತ್ತೇನು?

ದೀಪಾವಳಿ ಮುಗಿಯಿತು. ವೀರೇಶಣ್ಣನ ಶಾಲೆಯ ಗೆಳೆಯರು ಕೆಲವರು ಸೇರಿ, ಸುರಪುರದ ಶಾಲೆ ಬಯಲಿನಲ್ಲಿ ಒಂದು ಸಂಜೆ ಕಾರ್ಯಕ್ರಮ ಇಟ್ಟರು. ತುಳಸಿ ಲಗ್ನಕ್ಕೆ ಇನ್ನು ಕೆಲವೇ ದಿನ. ಅದಾದರೆ ನಾವು ಮದುವೆಗಳ ಪಾಲು, ಗೋದಾಮು ಹತ್ತಿಯ ಪಾಲು. ಇದೊಂದೇ ಅವಕಾಶ ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನನ್ನು ಕರೆಯುವ ಕೆಲಸವನ್ನು ವೀರೇಶಣ್ಣ ನನಗೂ ಖಾಸಿಂಸಾಬನಿಗೂ ವಹಿಸಿದ. ತಾನು ಕರೆದರೆ ಮಾತು ಬೆಳೆಯುತ್ತದಂತೆ.

ಗೌರಕ್ಕ ನಮಗೆ ಚಹಾ ಕೊಟ್ಟು, ಪೂರ್ತಿ ಕೇಳಿಸಿಕೊಂಡರು. "ನೀವು ಬಾರಸ್ರಿ, ಬ್ಯಾಡ ಅನ್ನಂಗಿಲ್ಲ. ನಾ ಅಡಗಿ ಮಾಡಿ ಇಟ್ಟಿರ್ತೀನಿ, ಮುಗಿಸಿ ಎಲ್ಲಾರೂ ಮನಿಗೇ ಬರ್ರಿ. ಆದ್ರ ಅಂವ ಒದರೋದು ನನಗ ನೋಡಾಕ ಆಗಂಗಿಲ್ಲ, ಬಿಡ್ರಿ" ಎಂದರು. ನಾನು ವಿಷಯ ತಿಳಿಸಿದಾಗ ವೀರೇಶಣ್ಣ ಸರಿ ಎಂದ. ಅವತ್ತು ತಾಲೀಮಿನಲ್ಲಿ ಆ ಹಾಡನ್ನು ಮಾತ್ರ ಬಿಟ್ಟ. ನನಗೆ ಬಹಳ ಕೆಡುಕೆನಿಸಿತು.

ಕಾರ್ಯಕ್ರಮದ ದಿನ ಆಕಾಶ ತೊಳೆದಿಟ್ಟಂತಿತ್ತು. ಟ್ರ್ಯಾಕ್ಟರಿನ ಎರಡು ಟ್ರಾಲಿ ಜೋಡಿಸಿ ವೇದಿಕೆ ಮಾಡಿದ್ದರು. ಇಳಿಯಲು ಹತ್ತಲು ಒಂದು ಹಲಗೆ. ಬಿಸಿಲು ಇಳಿಯುವ ಹೊತ್ತಿಗೆ ಕುರ್ಚಿಗಳು ತುಂಬಿದವು. ನಮಗೆ ಮದುವೆಯ ಕೆಂಪು ಕೋಟನ್ನೇ ಹಾಕಿಕೊಳ್ಳಿ ಎಂದಿದ್ದ ವೀರೇಶಣ್ಣ. ತಾನು ಪಿನ್ನು ಕಳೆದುಕೊಂಡ ಜಾಕೆಟ್ಟಿನಲ್ಲಿ ಬಂದ. ಬಿಳಿಗೂದಲು ಬಿಟ್ಟುಕೊಂಡಿದ್ದ. ಮೈಕಿನ ಮುಂದೆ ನಿಂತಾಗ ಅವನ ಕಣ್ಣು ಕುರ್ಚಿಗಳ ಸಾಲಿನಲ್ಲಿ ಹುಡುಕಿದ್ದನ್ನು ನಾನು ನೋಡಿದೆ. ಮಾವ ಬಂದಿದ್ದರು, ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಪಕ್ಕದ ಕುರ್ಚಿ ಖಾಲಿ ಇತ್ತು.

ಟ್ರಾಲಿಯ ಮೇಲೆ ನಾಲ್ಕು ಹೆಜ್ಜೆ ಹಾಕಲೂ ಜಾಗವಿಲ್ಲ. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ನಿಂತಲ್ಲೇ ಕಾಲು ಎತ್ತಿ ಇಟ್ಟು ಮೊದಲ ಎರಡು ಹಾಡು ಹೇಗೋ ತಳ್ಳಿದೆವು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಕೆಲವರು ಎದ್ದು ಭಜಿ ತಿನ್ನಲು ಹೋದರು. ವೀರೇಶಣ್ಣ ನಮ್ಮ ಕಡೆ ತಿರುಗಿ, ರೊಟ್ಟಿ ಹಾಡು ಎಂದ. ಬಿಟ್ಟ ಹಾಡನ್ನೇ ಹಿಡಿದ. ಮಾನಪ್ಪ ತಾಸೆಯ ಮೇಲೆ ಕೈ ಬಿಟ್ಟ. ವೀರೇಶಣ್ಣ ಕಣ್ಣು ಮುಚ್ಚಿ ಸುರುಮಾಡಿದ.

ಅಲ್ಲೇ ಆದದ್ದು ಅನಾಹುತ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಖಾಸಿಂಸಾಬನ ಕಾಲು ಅವನನ್ನು ಕೇಳಲೇ ಇಲ್ಲ. ಡೋಲು ಬಾರಿಸುತ್ತ ಹಲಗೆಯ ಮೇಲೆ ಇಳಿದೇಬಿಟ್ಟ. ನಮ್ಮಲ್ಲಿ ಮಾಸ್ತರ ಹೋದ ಕಡೆ ಹೋಗುವುದೇ ಪಾಠ, ಯಾಕೆ ಎಂದು ಕೇಳುವುದಿಲ್ಲ. ಮಾನಪ್ಪ ಇಳಿದ. ಅವನ ಹಿಂದೆ ನಾನು ಇಳಿದೆ. ಹಾಡಿಗೆ ಥಟ್ಟನೆ ಜೀವ ಬಂತು. ಚಂದ್ರು ಮಾತ್ರ, ಅವತ್ತು ತಳ್ಳುಗಾಡಿ ತಂದಿರಲಿಲ್ಲವಾದ್ದರಿಂದ, ವಾಯರಿಗೆ ಕಟ್ಟಿಹಾಕಿದವನಂತೆ ಮೇಲೆಯೇ ಉಳಿದ. ಕುರ್ಚಿಗಳ ನಡುವಿನ ದಾರಿಯಲ್ಲಿ ನಾವು ಗೇಟಿನ ಕಡೆ ನಡೆಯುತ್ತಿದ್ದೆವು. ಹಿಂದಿರುಗಿ ನೋಡಿದೆ. ವೀರೇಶಣ್ಣ ಕಣ್ಣು ತೆರೆದಿದ್ದ. ಹಿಂದೆ ಬ್ಯಾಂಡು ಇಲ್ಲ.

ಇನ್ನು ಹಾರಾಡುತ್ತಾನೆಂದು ಹೆದರಿದೆ. ಮುಂಬೈಯಲ್ಲಿ ಸಿಟ್ಟು ಬಂದರೆ ಮೈಕು ನೆಲಕ್ಕೆ ಬಡಿಯುತ್ತಿದ್ದೆ ಎಂದು ತಾನೇ ಹೇಳಿದ್ದ ಮನುಷ್ಯ. ಆದರೆ ಅವನು ಗಿಟಾರನ್ನು ಹೆಗಲಿಂದ ಇಳಿಸಿ ಚಂದ್ರುವಿನ ಕೈಗೆ ಕೊಟ್ಟ, ಮೈಕನ್ನು ಶಾಲೆಯ ಗೆಳೆಯನೊಬ್ಬನ ಕೈಗೆ ಕೊಟ್ಟ, ನೋಯುವ ಮಂಡಿ ಹಿಡಿದು ಹಲಗೆ ಇಳಿದ. ಓಡುತ್ತ ಬಂದು ನಮ್ಮನ್ನು ಸೇರಿಕೊಂಡ. ಒಂದು ಸಾಲೂ ಬಿಡದೆ ಹಾಡುತ್ತಲೇ ಇದ್ದ. ಮೈಕಿಲ್ಲದ ದನಿ ಅದು, ಗೋದಾಮಿನಲ್ಲಿ ನಾವು ದಿನವೂ ಕೇಳಿದ ದನಿ. ಜನ ಕುರ್ಚಿ ಬಿಟ್ಟು ಎದ್ದು ಹಿಂದೆ ಬಂದರು. ಭಜಿ ತಿನ್ನುತ್ತಿದ್ದವರೂ ಬಂದರು. ಎದುರಿಗೆ ಸಿಕ್ಕ ಮುದುಕನೊಬ್ಬ ಮದುಮಗ ಯಾರು ಎಂದು ಕೇಳಿದ. ಖಾಸಿಂಸಾಬ ವೀರೇಶಣ್ಣನ ಕಡೆ ಗದ್ದ ತೋರಿಸಿದ. ಮುದುಕ ಆ ಬಿಳಿಗೂದಲು ನೋಡಿ, ಆಗಲಿ ಬಿಡಪ್ಪ, ಈಗಲಾದರೂ ಆಯಿತಲ್ಲ ಎಂದ.

ಬಜಾರಿನ ಮೂಲೆಗೆ ಬಂದಾಗ ಖಾಸಿಂಸಾಬ ಕೈ ನಿಲ್ಲಿಸದೆಯೇ ನನ್ನ ಕಡೆ ವಾಲಿದ. "ಯಾವ ಮನಿಗಿ ಸಿದ್ದಪ್ಪ?"

ಅವನ ಚಿಂತೆ ನನಗೆ ತಿಳಿಯಿತು. ಮೆರವಣಿಗೆ ಎಂದ ಮೇಲೆ ಒಂದು ಮನೆ ಇರಲೇಬೇಕು, ಮನೆಯಿಲ್ಲದೆ ನಿಲ್ಲುವುದಾದರೂ ಎಲ್ಲಿ? ನಮ್ಮಲ್ಲಿ ಓಣಿ ತಿರುಗುವ ಸನ್ನೆ ಕ್ಲಾರಿನೆಟ್ಟಿನದು. ಊದುವವನು ಅದನ್ನು ಯಾವ ಕಡೆ ಎತ್ತುತ್ತಾನೋ ಆ ಕಡೆ ಮೆರವಣಿಗೆ. ವೀರೇಶಣ್ಣನನ್ನು ಕೇಳೋಣವೆಂದರೆ ಅವನ ಬಾಯಲ್ಲಿ ಹಾಡು. ನಾನು ಕ್ಲಾರಿನೆಟ್ ಎತ್ತಿ ಗೌರಕ್ಕನ ಓಣಿಯ ಕಡೆ ತಿರುಗಿಸಿದೆ.

ಓಣಿ ಸಣ್ಣದು. ತಾಸೆಯ ಸದ್ದು ಗೋಡೆಗೆ ಬಡಿದು ಎರಡರಷ್ಟಾಯಿತು. ಹೆಂಗಸರು ಬಾಗಿಲಿಗೆ ಬಂದರು. ವೀರೇಶಣ್ಣ ಒಂದು ಕ್ಷಣ ನನ್ನನ್ನು ನೋಡಿದ. ಸಿಟ್ಟಾದನೋ ಏನೋ ತಿಳಿಯಲಿಲ್ಲ. ಆದರೆ ದನಿ ಇಳಿಸಲಿಲ್ಲ. ಗೌರಕ್ಕನ ಮನೆಯ ಮುಂದೆ ಖಾಸಿಂಸಾಬ ನಿಂತು, ಎಲ್ಲ ಮದುವೆಯಲ್ಲಿ ನಿಲ್ಲುವ ಹಾಗೆ ಬಾಗಿಲಿಗೆ ಮುಖ ಮಾಡಿದ. ನಾವೂ ನಿಂತೆವು. ಅಲ್ಲಿ ನಿಂತು ಬಾರಿಸುವುದು ಮಾತ್ರ ನಮಗೆ ರೂಢಿ.

ಗೌರಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಓಣಿ ತುಂಬ ಜನ, ನಡುವೆ ತಮ್ಮ. ಏನಿದು ಎಂದು ಮಾವನನ್ನು ಕೇಳಿದರು. ಮೆರವಣಿಗೆಯ ಸಂಗಡ ನಡೆದು ಬಂದಿದ್ದ ಮಾವ ತಲೆಯಾಡಿಸುತ್ತ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವರ ಕೈಗಿಟ್ಟರು. ಇವತ್ತಿಗೂ ನನಗೆ ಅನುಮಾನ, ಆ ಮನುಷ್ಯನಿಗೆ ಬೇಕಾದ್ದೆಲ್ಲ ಕೇಳಿಸುತ್ತಿತ್ತು. ಖಾಸಿಂಸಾಬ ಬಾಗಿ, "ಅಕ್ಕಾರ, ನೀವು ನೀರು ಚೆಲ್ಲಿದ್ರ ನಾವು ನಿಲ್ಲಸ್ತೀವ್ರಿ. ಇಲ್ಲಾಂದ್ರ ನಿಲ್ಲಸಂಗಿಲ್ಲ" ಎಂದ.

ಚೆಲ್ಲಿದರೆ ಮುಗಿಯಿತು. ಒಂದೇ ಕ್ಷಣದ ಕೆಲಸ. ನಾನು ಊದುತ್ತ ಅವರ ಕೈಯನ್ನೇ ನೋಡುತ್ತಿದ್ದೆ. ಕೈ ಎತ್ತಿದರು. ಹಂಚು ಕಾಯ್ತಾದ, ಊರು ಮಲಗೇದ ಎಂದು ವೀರೇಶಣ್ಣ ಮೊದಲಿನಿಂದ ಹಿಡಿದ. ಎತ್ತಿದ ಕೈ ಹಾಗೇ ನಿಂತಿತು. ಮಾನಪ್ಪನ ಕೈ ಆ ರೊಟ್ಟಿ ಬಡಿತವನ್ನೇ ಬಡಿಯುತ್ತಿತ್ತು, ಗೌರಕ್ಕನ ಬೆರಳಿಗೆ ಹಿಟ್ಟು ಅಂಟಿಕೊಂಡಿತ್ತು. ಅವರು ತಂಬಿಗೆಯನ್ನು ಮೆಲ್ಲಗೆ ಎದೆಗೆ ಒತ್ತಿ ಹಿಡಿದುಕೊಂಡರು. ಚೆಲ್ಲಲಿಲ್ಲ. ಹಾಡು ಕೊನೆಗೆ ಬಂತು. ಆಗಲೂ ಚೆಲ್ಲಲಿಲ್ಲ.

"ನಡುವಿನ ನುಡಿ ತಿಳೀಲಿಲ್ಲ. ಇನ್ನೊಮ್ಮಿ ಅನ್ನು" ಎಂದರು.

ಖಾಸಿಂಸಾಬ ಬಡಿತವನ್ನು ಸಣ್ಣಗೆ ಮಾಡಿದ. ನಾನು ಕ್ಲಾರಿನೆಟ್ಟಿನಲ್ಲಿ ಬರೀ ಉಸಿರಾಡಿಸಿದೆ. ವೀರೇಶಣ್ಣನ ಗಂಟಲು ಅಷ್ಟರಲ್ಲಿ ಹರಿದುಹೋಗಿತ್ತು. ಇದ್ದಷ್ಟು ದನಿಯಲ್ಲಿ, ಭಜನೆಯ ಹುಡುಗನ ಹಾಗೆ ಕೈ ಕಟ್ಟಿಕೊಂಡು ಹಾಡಿದ:

ನೀರು ಕುಡದೀನಿ, ಅಕ್ಕ, ನೀರು ಕುಡದೀನಿ
ಹೊಟ್ಟಿ ತುಂಬೇದಂತ ಸುಳ್ಳ ಬರದೀನಿ
ನಿನ್ನ ಕೈ ಸಪ್ಪಳ ನೆನಸಿ ಮಲಗೀನಿ
ಒದರೀನಿ ಅಕ್ಕ, ಒದರೀನಿ

ಗೌರಕ್ಕ ಮೆಟ್ಟಿಲು ಇಳಿದು ಬಂದರು. ತಂಬಿಗೆಯನ್ನು ತಮ್ಮನ ಮುಖದ ಸುತ್ತ ನಿವಾಳಿಸಿದರು. ನೀರು ಅವನ ಹರಕು ಬೂಟಿನ ಮುಂದೆ ಚೆಲ್ಲಿದರು. ನಮ್ಮ ವಾದ್ಯ ನಿಂತಿತು. ಓಣಿಯಲ್ಲಿ ಎಲ್ಲರಿಗೂ ಕೇಳಿಸುವಂತೆ, ಅದೇ ಖಡಕ್ ದನಿಯಲ್ಲಿ ಅಂದರು:

"ಅವತ್ತ ಕೇಳಿದ್ನಲ್ಲ, ಯಾರು ಹೊಡದಾರಂತ. ಯಾರೂ ಹೊಡದಿದ್ದಿಲ್ಲ ನಿನಗ. ಹಸದಿದ್ದಿ. ಒಳಗ ಬಾ."

ಅಷ್ಟೇ. ಎಲ್ಲರೂ ಒಳಗೆ ಹೋದೆವು, ಉಂಡೆವು. ಚಂದ್ರು ಗಿಟಾರು, ಕ್ಯಾಸಿಯೊ ಎರಡನ್ನೂ ಹೊತ್ತು ಬೈಯುತ್ತ ಬಂದ, ಅವನಿಗೂ ಬಡಿಸಿದರು. ವೀರೇಶಣ್ಣ ಅಕ್ಕ ಹಾಕಿದ ರೊಟ್ಟಿಯನ್ನೆಲ್ಲ ತಿಂದ. ಆಮೇಲೆ ತುಳಸಿ ಲಗ್ನವಾಯಿತು, ನಾವು ಮದುವೆಗಳ ಹಿಂದೆ ಹೋದೆವು. ಅವನು ಈಗಲೂ ಹಂಗಾಮಿಲ್ಲದಾಗ ನಮ್ಮ ಸಂಗಡ ಹಾಡುತ್ತಾನೆ, ಹಂಗಾಮಿದ್ದಾಗ ಬೇಸರವಾದರೆ ಮೆರವಣಿಗೆಯಲ್ಲೂ ಸೇರಿಕೊಳ್ಳುತ್ತಾನೆ.

ಒಂದೇ ತೊಂದರೆ. ಸುರಪುರದಲ್ಲಿ ಯಾರ ಮದುವೆಯೇ ಇರಲಿ, ನಮ್ಮ ಮೆರವಣಿಗೆ ಆ ಓಣಿಗೆ ಬಂದರೆ ಮುಂದಕ್ಕೆ ಹೋಗುವುದಿಲ್ಲ. ಗೌರಕ್ಕ ತುಂಬಿದ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಮದುಮಗ ಕುದುರೆಯ ಮೇಲೆ ಕಾಯುತ್ತಾನೆ, ಬೀಗರು ಗಡಿಯಾರ ನೋಡುತ್ತಾರೆ. ರೊಟ್ಟಿ ಹಾಡು ಪೂರ್ತಿ ಆಗುವ ತನಕ ಅವರು ನೀರು ಚೆಲ್ಲುವುದಿಲ್ಲ.